ಬೆಲ್ಲದ ಲೇಖನ ನಂಬಿ ಕಳೆದ ಎಂಟು ತಿಂಗಳು

ಇಳಕಲ್ಲಿನಲ್ಲಿ ಗ್ರಾನೈಟ್ ಪಾಲಿಶ್ ಮಾಡುವ ಕಡೆ ಹೋದವರಿಗೆ ಆ ಕೆಮ್ಮು ಗೊತ್ತಿರುತ್ತದೆ. ಒಣ ಕೆಮ್ಮು. ಕಫ ಬೀಳುವುದಿಲ್ಲ, ನಿಲ್ಲುವುದೂ ಇಲ್ಲ. ಕೇಳಿದರೆ "ಧೂಳ ಕುಂತೈತಿ, ಹೋಗ್ತೈತಿ" ಅನ್ನುತ್ತಾರೆ. ಹೋಗುವುದಿಲ್ಲ. ಹದಿನೈದು ಇಪ್ಪತ್ತು ವರ್ಷ ಕಲ್ಲು ಕೊಯ್ದ ಗಟ್ಟಿ ಗಂಡಸರು ನಲವತ್ತೈದು ದಾಟುವುದರೊಳಗೆ ನಾಲ್ಕು ಮೆಟ್ಟಿಲು ಹತ್ತಿ ಕೂತುಬಿಡುತ್ತಾರೆ. ಮನೆಯವರು ದಮ್ಮು ಅನ್ನುತ್ತಾರೆ, ನೆರೆಯವರು ಟಿಬಿ ಅನ್ನುತ್ತಾರೆ, ಎಕ್ಸರೇ ಮಾತ್ರ ಯಾರೂ ತೆಗೆಸುವುದಿಲ್ಲ.

ನಾನು ಜುಲೇಖಾ. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ವಿದ್ಯಾರ್ಥಿಗಳಿಗೆ ಪುಸ್ತಕ, ಲೇಖನ ಹುಡುಕಿ ಕೊಡುವ ಮೇಜಿನಲ್ಲಿ ಕೂರುವವಳು. ಪುಸ್ತಕದ ಕಪಾಟಿನ ನಡುವೆ ಕೂತವಳಿಗೆ ಕೆಮ್ಮಿನ ಕಥೆ ಯಾಕೆ ಬೇಕು ಎಂದು ನಿಮಗೆ ಅನ್ನಿಸಬಹುದು. ಪೂರ್ತಿ ಕೇಳಿ. ಇದು ಗೋವಿಂದಪ್ಪ ಎಂಬ ಒಬ್ಬ ಮನುಷ್ಯನ ಎದೆಯ ಕಥೆ, ಆ ಎದೆಯನ್ನು ಇನ್ನಷ್ಟು ಕಾಪಾಡಿಕೊಳ್ಳಬಹುದಾಗಿದ್ದ ಎಂಟು ತಿಂಗಳ ಕಥೆ. ಹೇಳುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ. ಅದರಲ್ಲಿ ಅರ್ಧ ನನ್ನ ಮೇಲೇ ಇದೆ.

ಗೋವಿಂದಪ್ಪ ಹದಿನೆಂಟು ವರ್ಷದಿಂದ ಕಲ್ಲು ಕೊಯ್ಯುವ ಮಶೀನಿನ ಮೇಲೆ ಇದ್ದರು. ಹೆಂಡತಿ ಯಮನವ್ವ ಮನೆಯಲ್ಲೇ ಮಗ್ಗದ ಮೇಲೆ ಸೀರೆ ನೇಯುತ್ತಾರೆ. ಒಬ್ಬಳೇ ಮಗಳು ಸುಶ್ಮಿತಾ, ನಮ್ಮಲ್ಲಿ ಸಮಾಜಕಾರ್ಯದ ಎಂ.ಎ. ಕೊನೆಯ ವರ್ಷದಲ್ಲಿದ್ದಳು. ಆ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ಹಾಗಾಗಿ ಮನೆಯಲ್ಲಿ ಅವಳ ಮಾತು ಎಂದರೆ ಮಾತು. ಕರೆಂಟಿನ ಬಿಲ್ಲಿನಿಂದ ಹಿಡಿದು ಗುಳಿಗೆಯ ಚೀಟಿಯವರೆಗೆ ಎಲ್ಲವನ್ನೂ ಅವಳೇ ಓದಿ ಹೇಳಬೇಕು, ಅವಳು ಹೇಳಿದ್ದೇ ಖರೆ.

ಪಾಲಿಶ್ ಕೆಲಸದವರಲ್ಲಿ ಒಂದು ರೂಢಿ ಇದೆ. ಸಂಜೆ ಮಶೀನು ನಿಂತ ಮೇಲೆ ಮೇಸ್ತ್ರಿ ಒಬ್ಬೊಬ್ಬರಿಗೂ ಒಂದೊಂದು ಚೂರು ಬೆಲ್ಲ ಕೊಡುತ್ತಾನೆ. ಬೆಲ್ಲ ಗಂಟಲಿನ ಧೂಳನ್ನು ಹಿಡಿದು ಹೊಟ್ಟೆಗೆ ಇಳಿಸುತ್ತದೆ, ಎದೆಗೆ ಹೋಗಲು ಬಿಡುವುದಿಲ್ಲ ಎಂಬ ನಂಬಿಕೆ. ಗೋವಿಂದಪ್ಪ ಕೆಲಸ ಮಾಡುತ್ತಿದ್ದ ಕಡೆ ಈರಪ್ಪ ಎಂಬ ಮೇಸ್ತ್ರಿ ಇದನ್ನು ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಬಾಯಿಗೆ ಕಟ್ಟಲು ಒಳ್ಳೆಯ ಮಾಸ್ಕು ಕೇಳಿದರೆ ಮುಂದಿನ ವಾರ ಅನ್ನುತ್ತಿದ್ದ, ಬೆಲ್ಲ ಮಾತ್ರ ಅವತ್ತವತ್ತೇ ಸಿಗುತ್ತಿತ್ತು.

ಗೋವಿಂದಪ್ಪನ ಕೆಮ್ಮು ಜೋರಾದಾಗ ಮೊದಲು ಎಚ್ಚೆತ್ತವರು ಅವರ ತಂಗಿ ದುರಗವ್ವ. ಅವರು ಆಶಾ ಕಾರ್ಯಕರ್ತೆ. ಜಿಲ್ಲಾ ಆಸ್ಪತ್ರೆಯಲ್ಲಿ ಕಲ್ಲು ಕೆಲಸದವರಿಗಾಗಿ ಎದೆಯ ತಪಾಸಣೆ ಇದೆ, ಎಕ್ಸರೇ ತೆಗೆಯುತ್ತಾರೆ ಎಂದು ಅಣ್ಣನ ಹೆಸರು ಬರೆಸಿ ಬಂದರು. ಗೋವಿಂದಪ್ಪ ಹೂಂ ಅಂದರು, ಆದರೆ ಒಳಗೆ ಅಂಜಿಕೆ. ಎಕ್ಸರೇದಲ್ಲಿ ಏನಾದರೂ ಕಂಡರೆ ಮಶೀನು ಬಿಡು ಅನ್ನುತ್ತಾರೆ. ಹದಿನೆಂಟು ವರ್ಷ ಮಾಡಿದ ಕೆಲಸ ಬಿಟ್ಟು ಇನ್ನೇನು ಮಾಡಬೇಕು ಎಂಬುದು ಅವರಿಗೆ ಗೊತ್ತಿರಲಿಲ್ಲ.

ಅದೇ ವಾರ ಸುಶ್ಮಿತಾ ಮನೆಯಲ್ಲೇ ಇದ್ದು ತನ್ನ ಪ್ರಬಂಧದ ಕೆಲಸ ಶುರು ಮಾಡಿದ್ದಳು. ವಿಷಯ, ಪಾಲಿಶ್ ಕೆಲಸಗಾರರ ಆರೋಗ್ಯ. ಯಾರು ಯಾರು ಇದರ ಬಗ್ಗೆ ಮೊದಲು ಬರೆದಿದ್ದಾರೆ ಎಂದು ಹುಡುಕಬೇಕಿತ್ತು. ಗ್ರಂಥಾಲಯಕ್ಕೆ ಬರಲು ಹುನಗುಂದದ ಮೇಲೆ ಎರಡು ತಾಸಿನ ಬಸ್ಸು. ನಮ್ಮ ಗ್ರಂಥಾಲಯದ ಲೇಖನಗಳನ್ನು ಮನೆಯಲ್ಲೇ ಕೂತು ಫೋನಿನಲ್ಲಿ ತೆರೆಯಲು ಪ್ರತಿ ವಿದ್ಯಾರ್ಥಿಗೂ ಪಾಸ್‌ವರ್ಡ್ ಇದೆ ಎಂಬುದು ಅವಳಿಗೆ ತಿಳಿದಿರಲಿಲ್ಲ. ನಾವು ನೋಟಿಸ್ ಬೋರ್ಡಿಗೆ ಹಚ್ಚಿದ್ದೆವು. ಹಚ್ಚಿದರೆ ನಮ್ಮ ಕೆಲಸ ಮುಗಿಯಿತು ಎಂದುಕೊಂಡಿದ್ದೆವು.

ಅವಳು ಫೋನಿನಲ್ಲಿರುವ ಎಐ ಸಹಾಯಕನನ್ನು ಕೇಳಿದಳು. ಕೇಳಿದ ಪ್ರಶ್ನೆ ಇದು: "ಕಲ್ಲಿನ ಧೂಳಿಗೆ ಬೆಲ್ಲ ಒಳ್ಳೆಯದು ಎಂದು ತೋರಿಸಿದ ಸಂಶೋಧನಾ ಲೇಖನಗಳನ್ನು ಕೊಡು." ಅವಳ ತಪ್ಪು ಇಲ್ಲೇ ಆಯಿತು. ಸಣ್ಣವಳಿದ್ದಾಗಿನಿಂದ ಅಪ್ಪನ ಕಿಸೆಯಲ್ಲಿ ಬೆಲ್ಲದ ಚೂರು ನೋಡಿದ ಹುಡುಗಿ, ಒಳ್ಳೆಯದೋ ಅಲ್ಲವೋ ಎಂದು ಕೇಳಲೇ ಇಲ್ಲ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಎಐ ನಾಲ್ಕು ಲೇಖನಗಳ ಹೆಸರು ಕೊಟ್ಟಿತು. ಬರೆದ ಡಾಕ್ಟರ ಹೆಸರು, ಪತ್ರಿಕೆಯ ಹೆಸರು, ವರ್ಷ, ಪುಟ, ಎಲ್ಲವೂ ಇತ್ತು. ಕೆಳಗೆ ಸಾರಾಂಶ ಬೇರೆ: ದಿನಕ್ಕೆ ಐವತ್ತು ಗ್ರಾಂ ಬೆಲ್ಲ ತಿಂದ ಗ್ರಾನೈಟ್ ಕೆಲಸಗಾರರ ಎದೆಯ ಧೂಳು ಆರು ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಳಿಯಿತು.

ಸುಶ್ಮಿತಾ ಹಿಗ್ಗಿದಳು. ಉಣ್ಣಲು ಕೂತಾಗ ಅಪ್ಪನಿಗೆ ಕನ್ನಡದಲ್ಲಿ ಓದಿ ಹೇಳಿದಳು. ಗೋವಿಂದಪ್ಪ ರೊಟ್ಟಿ ಬಿಟ್ಟು ಎರಡು ಸಲ ಓದಿಸಿಕೊಂಡರು. ಯಮನವ್ವ ಮಾತ್ರ ಪಲ್ಯ ನೀಡುತ್ತಾ ಒಂದು ಮಾತು ಕೇಳಿದರು.

"ಹದಿನೆಂಟ್ ವರ್ಷ ಬೆಲ್ಲ ತಿಂದಾರ. ಹಂಗಾರ ಕೆಮ್ಮು ಯಾಕ ಹೋಗಿಲ್ಲ?"

ಅಕ್ಷರ ಬಾರದ ಆ ಹೆಂಗಸು ಕೇಳಿದ ಪ್ರಶ್ನೆಯನ್ನು ಎಂ.ಎ. ಓದುವ ಮಗಳು ಕೇಳಬೇಕಿತ್ತು. ಮಗಳು ಏನು ಹೇಳಿದಳು ಗೊತ್ತೇ? ಮೇಸ್ತ್ರಿ ಕೊಡುವ ಚೂರು ಐವತ್ತು ಗ್ರಾಂ ಇರುವುದಿಲ್ಲ, ಅದಕ್ಕೇ ಹೋಗಿಲ್ಲ ಎಂದಳು. ಮರುದಿನದಿಂದ ಗೋವಿಂದಪ್ಪ ಎರಡು ಚೂರು ತಿನ್ನತೊಡಗಿದರು. ತಪಾಸಣೆಗೆ ಹೋಗಲಿಲ್ಲ.

ದುರಗವ್ವ ಸಿಟ್ಟಿನಿಂದ ಬಂದರು. ಹೆಸರು ಬರೆಸಿದ್ದೆ, ಡಾಕ್ಟರು ಕಾದರು, ನನ್ನ ಮರ್ಯಾದೆ ಹೋಯಿತು ಎಂದು ಅಣ್ಣನನ್ನು ಬೈದರು. ಗೋವಿಂದಪ್ಪ ಮಗಳ ಫೋನು ಮುಂದೆ ಹಿಡಿದರು. ಡಾಕ್ಟರ ಹೆಸರು, ಡಿಗ್ರಿ ನೋಡಿ ದುರಗವ್ವನ ಸಿಟ್ಟು ಇಳಿಯಿತು. ಡಾಕ್ಟರೇ ಬರೆದ ಮೇಲೆ ನಾನೆಷ್ಟರವಳು ಎಂದುಕೊಂಡು ಚಹಾ ಕುಡಿದು ಹೋದರು. ಆಮೇಲೆ ಅವರು ನನ್ನ ಮುಂದೆ ಇದನ್ನು ಹೇಳಿ ಅತ್ತದ್ದುಂಟು.

ವಿಷಯ ಮನೆಯಲ್ಲೇ ನಿಂತಿದ್ದರೆ ಅದೊಂದು ಮಾತು, ನಿಲ್ಲಲಿಲ್ಲ. ಗೋವಿಂದಪ್ಪ ಹೆಮ್ಮೆಯಿಂದ ಆ ಲೇಖನಗಳ ಹೆಸರನ್ನೂ ಸಾರಾಂಶವನ್ನೂ ಪ್ರಿಂಟ್ ಹಾಕಿಸಿ ಕೆಲಸದ ಜಾಗಕ್ಕೆ ಒಯ್ದರು. ಮೇಸ್ತ್ರಿ ಈರಪ್ಪ ಅದನ್ನು ಕಟಿಂಗ್ ಮಶೀನಿನ ಹಿಂದಿನ ಗೋಡೆಗೆ ಅಂಟಿಸಿದ. ಕಲ್ಲು ಕೊಯ್ಯುವಾಗ ಮೇಲಿಂದ ನೀರು ಬೀಳಬೇಕು, ಆಗ ಧೂಳು ಏಳುವುದಿಲ್ಲ. ಅಲ್ಲಿನ ನೀರಿನ ಪೈಪು ಒಡೆದು ತಿಂಗಳಾಗಿತ್ತು, ಒಣ ಕಲ್ಲೇ ಕೊಯ್ಯುತ್ತಿದ್ದರು. ಯಾರಾದರೂ ಪೈಪಿನ ಮಾತೆತ್ತಿದರೆ ಈರಪ್ಪ ಗೋಡೆ ತೋರಿಸುತ್ತಿದ್ದ. ಗೋವಿಂದಪ್ಪನ ಮಗಳು ವಿಶ್ವವಿದ್ಯಾಲಯದಾಗ ಓದಾಕತ್ತಾಳ, ಆಕಿಗಿಂತ ನಿಮಗ ಹೆಚ್ಚು ಗೊತ್ತೈತೇನು ಎಂದು ಕೇಳುತ್ತಿದ್ದ. ಹನ್ನೆರಡು ಜನ ಅಲ್ಲಿ ದುಡಿಯುತ್ತಿದ್ದರು. ಹನ್ನೆರಡು ಜನರೂ ಪೈಪಿನ ಮಾತು ಬಿಟ್ಟರು.

ಹೀಗೆ ಎಂಟು ತಿಂಗಳು ಹೋಯಿತು. ಗೋವಿಂದಪ್ಪನ ಅಂಗಿ ಸಡಿಲಾಯಿತು. ಬಸ್‌ಸ್ಟ್ಯಾಂಡಿನಿಂದ ಮನೆಗೆ ಬರುವಷ್ಟರಲ್ಲಿ ಎರಡು ಕಡೆ ಕೂರುತ್ತಿದ್ದರು. ವಯಸ್ಸಾಯಿತು ಅನ್ನುತ್ತಿದ್ದರು. ಅವರಿಗೆ ಆಗ ನಲವತ್ತಾರು.

ಪ್ರಬಂಧ ಮುಗಿಸುವ ಹೊತ್ತಿಗೆ ಸುಶ್ಮಿತಾಳ ಮಾರ್ಗದರ್ಶಕರು, ಉಲ್ಲೇಖ ಮಾಡಿದ ಲೇಖನಗಳ ಪೂರ್ತಿ ಪ್ರತಿ ತಂದು ತೋರಿಸು ಎಂದರು. ಅವಳು ಆಗ ನನ್ನ ಮೇಜಿಗೆ ಬಂದಳು. ನಾಲ್ಕು ಹೆಸರು ಬರೆದ ಚೀಟಿ ಕೊಟ್ಟು, ಇವಿಷ್ಟು ಬೇಕಿತ್ತು ಮೇಡಮ್ ಎಂದಳು. ಬೇಗ ಮುಗಿಯುವ ಕೆಲಸ ಎಂದು ನಾನೂ ಅಂದುಕೊಂಡೆ.

ಮೊದಲನೆಯ ಹೆಸರನ್ನು ಗ್ರಂಥಾಲಯದ ಹುಡುಕಾಟದಲ್ಲಿ ಹಾಕಿದೆ, ಸಿಗಲಿಲ್ಲ. ಪತ್ರಿಕೆಯ ಹೆಸರಿನಿಂದ ಹುಡುಕಿದೆ. ಪತ್ರಿಕೆ ಖರೆ ಇತ್ತು. ಆ ವರ್ಷದ ಸಂಚಿಕೆ ತೆರೆದು ಆ ಪುಟಕ್ಕೆ ಹೋದರೆ ಅಲ್ಲಿ ಮೀನು ಸಾಕಣೆಯ ಲೇಖನ ಇತ್ತು. ಎರಡನೆಯದರ ಪತ್ರಿಕೆಯೇ ಎಲ್ಲೂ ಇರಲಿಲ್ಲ. ಮೂರನೆಯದನ್ನು ಬರೆದರೆನ್ನಲಾದ ಡಾಕ್ಟರು ಇದ್ದರು, ಆದರೆ ಅವರು ಕಣ್ಣಿನ ಡಾಕ್ಟರು, ಧೂಳಿನ ಬಗ್ಗೆ ಒಂದು ಸಾಲೂ ಬರೆದವರಲ್ಲ. ನಾಲ್ಕನೆಯದು ಮಾತ್ರ ಸಿಕ್ಕಿತು. ಅದು ಇಲಿಗಳ ಮೇಲೆ ಮಾಡಿದ ಹಳೆಯ ಪ್ರಯೋಗ. ಮನುಷ್ಯರಿಗೆ ಬೆಲ್ಲದಿಂದ ರೋಗ ನಿಂತಿತು ಎಂದು ಅದರಲ್ಲಿ ಎಲ್ಲೂ ಇರಲಿಲ್ಲ. ಐವತ್ತು ಗ್ರಾಮಿನ, ಆರು ತಿಂಗಳಿನ ಮಾತು ಯಾವುದರಲ್ಲೂ ಇರಲಿಲ್ಲ.

ಹುಡುಗಿ ಚೀಟಿಯನ್ನು ನೋಡುತ್ತಲೇ ಇದ್ದಳು. ಪುಟದ ಸಂಖ್ಯೆ ಕೂಡ ಕೊಟ್ಟಿತ್ತಲ್ಲ ಎಂದು ಮೆಲ್ಲಗೆ ಕೇಳಿದಳು. ನಾನು ತಿಳಿಸಿ ಹೇಳಿದೆ. ಎಐಗೆ ನಿನ್ನನ್ನು ಮೋಸ ಮಾಡುವ ಆಸೆಯೇನೂ ಇಲ್ಲ. ಲೇಖನದ ಹೆಸರು, ಲೇಖಕರ ಹೆಸರು, ಪುಟ ಇವೆಲ್ಲ ಹೇಗಿರುತ್ತವೆ ಎಂದು ಅದು ಲಕ್ಷಗಟ್ಟಲೆ ಬರಹ ನೋಡಿ ಕಲಿತಿದೆ. ಇದ್ದದ್ದನ್ನು ಹುಡುಕಿ ಕೊಡಲಾಗದಿದ್ದಾಗ, ಇದ್ದಂತೆ ಕಾಣುವುದನ್ನು ಹೆಣೆದು ಕೊಡುವುದೂ ಉಂಟು. ಎರಡಕ್ಕೂ ಅದರ ದನಿ ಒಂದೇ, ಕಿಂಚಿತ್ತೂ ತೊದಲುವುದಿಲ್ಲ. ಬೇರೆ ಮಾಡಿ ನೋಡುವುದು ನಮ್ಮ ಕೆಲಸ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಹಾಗಂತ ಅದನ್ನು ಕಸದ ಬುಟ್ಟಿಗೆ ಹಾಕು ಎಂದೂ ನಾನು ಹೇಳಲಿಲ್ಲ. ಅವಳ ಫೋನಿನಲ್ಲೇ ಬೇರೆ ಪ್ರಶ್ನೆ ಬರೆಸಿದೆ: ಕಲ್ಲು ಕೊಯ್ಯುವವರ ಎದೆಯ ರೋಗದ ಬಗ್ಗೆ ಗ್ರಂಥಾಲಯದಲ್ಲಿ ಹುಡುಕಬೇಕು, ಯಾವ ಯಾವ ಪದ ಹಾಕಿ ಹುಡುಕಲಿ? ಈ ಸಲ ಅದು ಒಳ್ಳೆಯ ಕೆಲಸ ಮಾಡಿತು. ಆ ರೋಗಕ್ಕೆ ಡಾಕ್ಟರು ಸಿಲಿಕೋಸಿಸ್ ಅನ್ನುತ್ತಾರೆ ಎಂದು ಹೇಳಿ, ಜೊತೆಗೆ ಏಳೆಂಟು ಪದ ಕೊಟ್ಟಿತು. ಎಂಟು ತಿಂಗಳ ಪ್ರಬಂಧದಲ್ಲಿ ಆ ಪದ ಒಮ್ಮೆಯೂ ಬಂದಿರಲಿಲ್ಲ. ಆ ಪದಗಳನ್ನು ನಮ್ಮ ಗ್ರಂಥಾಲಯದ ಹುಡುಕಾಟಕ್ಕೆ ಹಾಕಿದಾಗ ಪರದೆ ತುಂಬಾ ಲೇಖನಗಳು ಬಂದವು. ಇವು ಇರುವ ಲೇಖನಗಳು. ಒತ್ತಿದರೆ ತೆರೆಯುತ್ತವೆ, ಬರೆದವರ ಊರು, ಆಸ್ಪತ್ರೆ, ಎಷ್ಟು ಜನರನ್ನು ನೋಡಿದರು, ಏನು ಕಂಡರು, ಎಲ್ಲಾ ಇರುತ್ತದೆ.

ಸುಶ್ಮಿತಾ ಒಂದನ್ನು ತೆರೆದು ಓದಿದಳು, ಆಮೇಲೆ ಇನ್ನೊಂದನ್ನು. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ಅವುಗಳಲ್ಲಿ ಇದ್ದದ್ದು ಇಷ್ಟು: ಈ ರೋಗ ಬಂದರೆ ಪೂರ್ತಿ ವಾಸಿ ಮಾಡುವ ಔಷಧ ಇಲ್ಲ. ಬೇಗ ಗೊತ್ತು ಮಾಡಿಕೊಂಡು ಧೂಳಿನಿಂದ ದೂರ ಹೋಗುವುದೇ ಮುಖ್ಯ. ಧೂಳಿನಲ್ಲೇ ಉಳಿದರೆ ರೋಗ ಬೆಳೆಯುತ್ತಾ ಹೋಗುತ್ತದೆ, ಟಿಬಿ ಅಂಟುವುದೂ ಸುಲಭವಾಗುತ್ತದೆ. ಅವಳು ಕಂಪ್ಯೂಟರಿನಿಂದ ಮುಖ ತಿರುಗಿಸಿ ನನ್ನನ್ನು ಕೇಳಿದಳು.

"ಎಂಟು ತಿಂಗಳು ಅಂದ್ರ ಭಾಳ ಆತೇನ್ರಿ ಮೇಡಮ್?"

ನನಗೆ ಅವಳ ಅಪ್ಪನ ವಿಷಯ ಗೊತ್ತಾದದ್ದೇ ಆಗ. ಮೊದಲು ಮನೆಗೆ ಹೋಗು, ನಾಳೆಯೇ ದವಾಖಾನೆಗೆ ಕರೆದುಕೊಂಡು ಹೋಗು ಎಂದು ಬಸ್ಸಿಗೆ ಹತ್ತಿಸಿ ಬಂದೆ.

ಅವತ್ತು ಸಂಜೆ ಅವಳು ಅಪ್ಪನ ಮುಂದೆ ಕೂತು ಎಲ್ಲವನ್ನೂ ಹೇಳಿದಳಂತೆ. ಗೋವಿಂದಪ್ಪ ಮೊದಲು ನಂಬಲಿಲ್ಲ. ಪ್ರಿಂಟ್ ಆದದ್ದು ಸುಳ್ಳು ಹೇಗಾಗುತ್ತದೆ ಎಂಬುದೇ ಅವರಿಗೆ ತಿಳಿಯಲಿಲ್ಲ. ಅವಳು ಮೀನಿನ ಪುಟವನ್ನು ತೆರೆದು ತೋರಿಸಿದಳು, ಚಿತ್ರಗಳಿದ್ದವು. ಯಮನವ್ವ ಇಣುಕಿ ನೋಡಿ ಮಗ್ಗದ ಕಡೆ ಹೋದರು. ಮಗಳು ಅಳುತ್ತಾ ನಾನೇ ನಿನ್ನ ಕೆಡಿಸಿದೆ ಅಂದಾಗ ಗೋವಿಂದಪ್ಪ ಹೇಳಿದ್ದನ್ನು ಅವಳು ನನಗೆ ಅಕ್ಷರ ಬಿಡದೆ ಹೇಳಿದ್ದಾಳೆ.

"ನೀ ಸುಳ್ಳ ಹೇಳಿಲ್ಲವ್ವಾ. ನನಗೂ ಅದ ಬೇಕಾಗಿತ್ತು. ದವಾಖಾನಿಗಿ ಹೋಗೂದ್ ಬ್ಯಾಡ ಅಂತ ಯಾರರ ಹೇಳ್ಲಿ ಅಂತ ಕುಂತಿದ್ದೆ."

ಮರುದಿನ ದುರಗವ್ವನೇ ಮುಂದಾಗಿ ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಬಂದರು. ನಾನೂ ರಜೆ ಹಾಕಿ ಹೋಗಿದ್ದೆ. ಎಕ್ಸರೇ ಬೆಳಕಿಗೆ ಹಿಡಿದಾಗ ಎದೆಯ ಎರಡೂ ಕಡೆ ಬಿಳಿ ಕಾಳು ಚೆಲ್ಲಿದಂತೆ ಇತ್ತು. ಜೊತೆಗೆ ಟಿಬಿಯೂ ಇತ್ತು. ಎಂಟು ತಿಂಗಳು ಮೊದಲೇ ಬಂದಿದ್ದರೆ ಎಂದು ಸುಶ್ಮಿತಾ ಕೇಳಿದಳು. ಡಾಕ್ಟರು ಒಳ್ಳೆಯವರು. ಎಷ್ಟು ವ್ಯತ್ಯಾಸ ಆಗುತ್ತಿತ್ತು ಎಂದು ಲೆಕ್ಕ ಹಾಕಿ ಹೇಳಲಾಗದು, ಆದರೆ ಅಷ್ಟು ಧೂಳು ಒಳಗೆ ಹೋಗುತ್ತಿರಲಿಲ್ಲ, ಟಿಬಿಯನ್ನೂ ಬೇಗ ಹಿಡಿಯಬಹುದಿತ್ತು ಎಂದರು.

ಗೋಡೆಯ ಮೇಲಿನ ಹಾಳೆ ಇನ್ನೂ ಅಲ್ಲೇ ಇತ್ತು. ಸುಶ್ಮಿತಾ ಅದನ್ನು ಕೀಳಲು ಹೋದಾಗ ಮೇಸ್ತ್ರಿ ಈರಪ್ಪ ಅಡ್ಡ ಬಂದ. ಅವತ್ತು ಒಂದು ಹೇಳಿ ಇವತ್ತು ಒಂದು ಹೇಳಿದರೆ ಯಾವುದನ್ನು ನಂಬಬೇಕು ಎಂದು ಕೇಳಿದ. ಕೇಳಿದ್ದು ಸರಿಯಾಗಿಯೇ ಇತ್ತು. ಅವಳು ವಾದ ಮಾಡಲಿಲ್ಲ. ಫೋನಿನಲ್ಲಿ ಗ್ರಂಥಾಲಯವನ್ನು ತೆರೆದು ಅವನ ಕೈಗೇ ಕೊಟ್ಟಳು. ಗೋಡೆಯ ಮೇಲಿನ ಮೊದಲ ಹೆಸರನ್ನು ನೀನೇ ಹುಡುಕು ಮಾವಾ ಎಂದಳು. ಈರಪ್ಪ ಎಸ್ಸೆಸ್ಸೆಲ್ಸಿ ಓದಿದವನು. ಒಂದೊಂದೇ ಅಕ್ಷರ ಒತ್ತಿ ಹುಡುಕಿದ, ಸಿಗಲಿಲ್ಲ. ಆಮೇಲೆ ಅವಳು ಸಿಲಿಕೋಸಿಸ್ ಎಂದು ಹಾಕಿಸಿದಳು. ಬಂದ ಲೇಖನಗಳಲ್ಲಿ ಒಂದನ್ನು, ನಿಧಾನವಾಗಿ, ಕನ್ನಡದಲ್ಲಿ ಅರ್ಥ ಹೇಳುತ್ತಾ ಎಲ್ಲರ ಮುಂದೆ ಓದಿದಳು. ಗೋವಿಂದಪ್ಪ ಕಲ್ಲಿನ ಚಪ್ಪಡಿಯ ಮೇಲೆ ಕೂತಿದ್ದರು. ಮಾತಾಡಬೇಕೆಂದು ಎದ್ದವರು ಕೆಮ್ಮು ಹತ್ತಿ ಮತ್ತೆ ಕೂತರು. ಅವರು ಹೇಳಬೇಕೆಂದಿದ್ದದ್ದು ಎಲ್ಲರಿಗೂ ತಿಳಿಯಿತು.

ಆ ವಾರವೇ ಪೈಪು ದುರಸ್ತಿ ಆಯಿತು. ಹನ್ನೆರಡು ಜನರಲ್ಲಿ ಒಂಬತ್ತು ಜನ ದುರಗವ್ವನ ಜೊತೆ ಎಕ್ಸರೇಗೆ ಬಂದರು. ಮೂವರ ಎದೆಯಲ್ಲಿ ರೋಗ ಆಗಲೇ ಶುರುವಾಗಿತ್ತು. ಆ ಮೂವರು ಮಶೀನು ಬಿಟ್ಟರು. ಈರಪ್ಪನೂ ಎಕ್ಸರೇ ತೆಗೆಸಿದ, ಏನು ಬಂತೆಂದು ಯಾರಿಗೂ ಹೇಳಿಲ್ಲ. ಸುಶ್ಮಿತಾ ಪ್ರಬಂಧವನ್ನು ಮೊದಲಿನಿಂದ ಬರೆದಳು. ಪಾಸಾಗಲು ಒಂದು ವರ್ಷ ತಡವಾಯಿತು.

ಗೋವಿಂದಪ್ಪ ಆ ವರ್ಷದ ಚಳಿಗಾಲವನ್ನು ದಾಟಲಿಲ್ಲ. ಕೊನೆಯ ಎರಡು ತಿಂಗಳು ಮಲಗಿದರೆ ಉಸಿರು ಬರುತ್ತಿರಲಿಲ್ಲ, ಗೋಡೆಗೆ ದಿಂಬು ಇಟ್ಟು ಕೂತೇ ಇರುತ್ತಿದ್ದರು. ಮಗಳು ಪಕ್ಕದಲ್ಲಿ ಕೂತು ಓದುತ್ತಿದ್ದಳು.

ಮಣ್ಣಾದ ಮೂರನೆಯ ದಿನ ನಾನು ಅವರ ಮನೆಗೆ ಹೋದೆ. ಯಮನವ್ವ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಅಳುತ್ತಿರಲಿಲ್ಲ. ಬಹಳ ದಿನದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಮಾತನ್ನು ಕೇಳಿದರು.

"ಆ ಬೆಲ್ಲದ ಹಾಳಿ ಬರದಾಂವ ಯಾರವಾ? ಎಲ್ಲಿರ್ತಾನ? ಅವನ ಮನಿಗಿ ಹೋಗಿ, ನನ್ನ ಗಂಡಗ ಯಾಕ ಹಿಂಗ ಮಾಡಿದಿ ಅಂತ ಒಂದ್ ಮಾತ್ ಕೇಳಬೇಕು."

ಯಾರೂ ಬರೆದಿಲ್ಲ ಯಮನವ್ವಾ ಎಂದೆ. ಅವರಿಗೆ ತಿಳಿಯಲಿಲ್ಲ. ಯಾರೂ ಬರೆಯದೆ ಹಾಳೆಯ ಮೇಲೆ ಅಕ್ಷರ ಹೇಗೆ ಬಂದವು ಎಂದು ಮತ್ತೆ ಕೇಳಿದರು. ನಾನು ಇಪ್ಪತ್ತು ವರ್ಷದಿಂದ ಪುಸ್ತಕದ ನಡುವೆ ಇರುವವಳು, ಆ ಹೆಂಗಸಿಗೆ ಉತ್ತರ ಹೇಳಲಾಗದೆ ಎದ್ದು ಬಂದೆ.

ಓದುವ ಮಕ್ಕಳೇ, ಮಕ್ಕಳನ್ನು ಓದಿಸುವ ತಾಯಿ ತಂದೆಯರೇ, ಅದಕ್ಕೇ ಇದನ್ನು ನಿಮ್ಮ ಮುಂದೆ ಇಟ್ಟಿದ್ದೇನೆ. ಎಐಯನ್ನು ಕೇಳಬೇಡಿ ಎಂದು ನಾನು ಹೇಳುವುದಿಲ್ಲ. ಹುಡುಕಲು ಪದ ಕೇಳಿ, ಕಠಿಣ ಮಾತಿನ ಅರ್ಥ ಕೇಳಿ. ಆದರೆ ನಿಮಗೆ ಬೇಕಾದ ಉತ್ತರವನ್ನು ಪ್ರಶ್ನೆಯೊಳಗೆ ಇಟ್ಟು ಕೇಳಬೇಡಿ. ಅದು ಒಂದು ಲೇಖನದ ಹೆಸರು ಹೇಳಿದರೆ, ಆ ಹೆಸರನ್ನು ನಿಮ್ಮ ಗ್ರಂಥಾಲಯದಲ್ಲಿ ಹುಡುಕಿ, ತೆರೆದು, ಕಣ್ಣಾರೆ ಓದಿ. ಸಿಗದಿದ್ದರೆ ನಮ್ಮ ಮೇಜಿಗೆ ಬನ್ನಿ, ಫೋನ್ ಮಾಡಿ, ಇದೇನು ದಡ್ಡ ಪ್ರಶ್ನೆ ಎಂದು ನಾವು ನಗುವುದಿಲ್ಲ. ಮೈಯ ನೋವಿನ ಮಾತಾದರೆ ಮೊದಲು ಡಾಕ್ಟರ ಹತ್ತಿರ ಹೋಗಿ. ಓದಿದ ಮಾತನ್ನು ಮನೆಯವರಿಗೆ ಹೇಳುವ ಮೊದಲು, ಅದನ್ನು ಬರೆದ ಮನುಷ್ಯ ಇದ್ದಾನೋ ಇಲ್ಲವೋ ನೋಡಿಕೊಳ್ಳಿ. ನಾಳೆ ನಿಮ್ಮ ತಾಯಿ ಹೋಗಿ ಜಗಳ ಆಡಲಿಕ್ಕಾದರೂ ಅವನಿಗೊಂದು ಮನೆ ಇರಬೇಕು.